ಇಟಾಲಿಯನ್ ಪದ ಬಿಡಿಸುವುದು, ಒತ್ತು ಹಾಕುವುದು: ನೀವು ಹೇಗೆ ಕಲಿತಿರಿ?

ಓದಲು ಇಟಲಿಗೆ ಹೊರಟಿದ್ದೇನೆ. ಪದವನ್ನು ತುಂಡು ತುಂಡಾಗಿ ಬಿಡಿಸುವುದು, ಯಾವ ತುಂಡಿನ ಮೇಲೆ ಒತ್ತು ಹಾಕುವುದು, ಎರಡೂ ತಲೆಗೆ ಹತ್ತುತ್ತಿಲ್ಲ. ಕಲಿತವರು ಹೇಳಿ.

– ಮಿಲಾನಿಗೆ ಹೋದ ಹೊಸತರಲ್ಲಿ ಟಿಕೆಟ್ ಕೌಂಟರಿನಲ್ಲಿ ‘ಬೆರ್ಗಾಮೊ’ ಎಂದು ಗಾ ಎಳೆದು ಕೇಳಿದೆ. ಆಕೆಗೆ ಅರ್ಥವೇ ಆಗಲಿಲ್ಲ. ಮೂರನೇ ಸಲ ‘ಓ, ಬೆರ್-ಗ-ಮೊ!’ ಎಂದು ಬೆರ್ ಅನ್ನು ಕುಟ್ಟಿ ಹೇಳಿದಳು. ಹೆಚ್ಚಿನ ಪದಗಳಲ್ಲಿ ಒತ್ತು ಕೊನೆಯಿಂದ ಎರಡನೇ ತುಂಡಿಗೆ: ಮಿ-ಲಾ-ನೊ, ತೊ-ರೀ-ನೊ. ಆದರೆ ಬೆರ್ಗಮೊ, ನಾಪೊಲಿ, ಜೇನೊವ, ಮೋದೆನ ಇವೆಲ್ಲ ಕೊನೆಯಿಂದ ಮೂರನೆಯದು. ಇದಕ್ಕೆ ಸೂತ್ರ ಹುಡುಕಬೇಡಿ, ಊರಿನ ಹೆಸರನ್ನು ಕೇಳಿಯೇ ಕಲಿಯಬೇಕು. ಒತ್ತು ಕೊನೆಯ ತುಂಡಿಗೆ ಬಿದ್ದರೆ ಮಾತ್ರ ಚಿಂತೆ ಇಲ್ಲ, ಚಿತ್ತಾ (ನಗರ), ಕಫ್ಫೆ (ಕಾಫಿ) ತರಹದವಕ್ಕೆ ಅವರೇ ಮೇಲೆ ಗೆರೆ ಎಳೆದಿರುತ್ತಾರೆ.

ಬಿಡಿಸುವಾಗ ನನಗೆ ಕೈ ಹಿಡಿದದ್ದು ಹೈಸ್ಕೂಲಿನ ಗುರು-ಲಘು! ಪದದ ಕೊನೆಯ ತುಂಡು ಬಿಟ್ಟರೆ, ಒತ್ತು ಬಿದ್ದ ತುಂಡು ಲಘು ಆಗಿರುವುದಿಲ್ಲ. ಸ್ವರ ಎಳೆಯಬೇಕು, ಇಲ್ಲವೇ ಮುಂದೆ ಒತ್ತಕ್ಷರ ಇರಬೇಕು. ಕಾ-ಸ ಎಂದರೆ ಮನೆ, ಕಸ್-ಸ ಎಂದರೆ ದುಡ್ಡು ಕಟ್ಟುವ ಕೌಂಟರ್. ನಾವು ಪಾಸ್ತಾ ಎಂದು ಎಳೆಯುತ್ತೇವಲ್ಲ, ಅಲ್ಲಿ ಅದು ಗಿಡ್ಡ, ‘ಪಸ್ತ’. ತಮಾಷೆ ಏನೆಂದರೆ ಶಾಲೆಯಲ್ಲಿ ಅದನ್ನು ಪ-ಸ್ತ ಎಂದೇ ಬಿಡಿಸಬೇಕು, ಅವರ ನಿಯಮದಲ್ಲಿ ಸಕಾರ ಮುಂದಿನ ವ್ಯಂಜನದ ಜೊತೆಗೇ ಹೋಗುತ್ತದೆ. ಕಿವಿಗೆ ಮಾತ್ರ ಪಸ್-ತ. ಪರೀಕ್ಷೆಗೆ ಮೊದಲನೆಯದು, ಬಾಯಿಗೆ ಎರಡನೆಯದು, ಅಷ್ಟೇ.

– ಕ್ರಿಯಾಪದ ಮರೆಯಬೇಡಿ. ‘ಅವರು ವಾಸಿಸುತ್ತಾರೆ’ ಎನ್ನಲು ಆಬಿತನೊ, ಅಬಿತಾನೊ ಅಲ್ಲ. ‘ಫೋನ್ ಮಾಡುತ್ತಾರೆ’ ಇನ್ನೂ ಮಜಾ, ತೆ-ಲೇ-ಫೊ-ನ-ನೊ, ಒತ್ತು ಕೊನೆಯಿಂದ ನಾಲ್ಕನೆಯದಕ್ಕೆ. ನಾನು ವರ್ಷಗಟ್ಟಲೆ ತಪ್ಪು ಹೇಳಿದ್ದೇನೆ, ಯಾರೂ ತಿದ್ದಲಿಲ್ಲ ಪಾಪ.

– ಒತ್ತಿಗಿಂತ ಮೊದಲು ಒತ್ತಕ್ಷರ ನೋಡಿಕೊಳ್ಳಿ ಮಾರಾಯ್ರೆ. ವಯಸ್ಸು ಇಪ್ಪತ್ತು ಎಂದು ಹೇಳುವಾಗ ‘ಅನ್ನಿ’ (ವರ್ಷ) ಬದಲು ‘ಆನಿ’ ಎಂದರೆ ನಿಮಗೆ ಇಪ್ಪತ್ತು ಗುದದ್ವಾರ ಇವೆ ಎಂದ ಹಾಗೆ. ಅಕ್ಕ, ಅಮ್ಮ, ಅಣ್ಣ ಎನ್ನುವ ನಮಗೆ ಇದು ಸಲೀಸು. ನನ್ನ ಕ್ಲಾಸಿನ ಇಂಗ್ಲೆಂಡಿನ ಹುಡುಗ ಒದ್ದಾಡಿಬಿಟ್ಟ.

– ಕೇಳಿದವಳು ನಾನೇ. ಹಾಗಾದರೆ ಔಷಧಿ ಅಂಗಡಿಗೆ ‘ಫರ್ಮಾಚ’ ಅಲ್ವಾ?

– ಅಲ್ಲ, ಫರ್-ಮ-ಚೀ-ಅ. ಇ ಮೇಲೆ ಒತ್ತು ಇದ್ದರೆ ಎರಡು ಸ್ವರ ಬೇರೆ ಬೇರೆ. ಒತ್ತು ಇಲ್ಲದಿದ್ದರೆ ಒಂದೇ ತುಂಡು, ಪ್ರೊ-ವಿನ್-ಚ ತರಹ.