ಸಮಸ್ಯಾಪೂರಣ: ಬಿಸಿಲಲ್ಲಿ ನಡುಗಿದನು, ಚಳಿಯಲ್ಲಿ ಬೆವೆತ

ಸಮಸ್ಯೆ ಕೊಟ್ಟವರು:
ಗೆಳೆಯರೇ, ಅಸಂಗತವಾಗಿ ಕಾಣುವ ಕೊನೆಯ ಸಾಲೊಂದನ್ನು ಕೊಟ್ಟಾಗ, ಅದಕ್ಕೆ ಅರ್ಥ ಬರುವಂತೆ ಮೇಲಿನ ಮೂರು ಸಾಲು ಕಟ್ಟುವುದೇ ಸಮಸ್ಯಾಪೂರಣ. ಈ ವಾರದ ಸಾಲು ಇದು:

*ಬಿಸಿಲಲ್ಲಿ ನಡುಗಿದನು, ಚಳಿಯಲ್ಲಿ ಬೆವೆತ*

ಐದು ಮಾತ್ರೆಯ (ಮಾತ್ರೆ ಅಂದರೆ ಉಚ್ಚಾರದ ಅಳತೆ, ಗಣ ಅಂದರೆ ಅವುಗಳ ಗುಂಪು) ಗಣದ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. 1 ಮತ್ತು 3ನೇ ಸಾಲಿಗೆ ನಾಲ್ಕು ಗಣ. 2 ಮತ್ತು 4ಕ್ಕೆ ಮೂರು ಗಣ, ಕೊನೆಗೆ 3 ಮಾತ್ರೆ. ಪ್ರತಿ ಸಾಲಿನ ಎರಡನೆಯ ಅಕ್ಷರ ‘ಸ’ಕಾರದ ಪ್ರಾಸ, ಅದರ ಹಿಂದೆ ಲಘು (ಒಂದು ಮಾತ್ರೆಯ ಅಕ್ಷರ). ಜ್ವರ ಬಂತು ಅಂತ ಬಿಡಿಸಬೇಡಿ, ಅದು ಯಾರಿಗಾದರೂ ಹೊಳೆಯುತ್ತದೆ. ಆಯಾ ಕಾಲದ ಸುಖದಿಂದಲೇ ಗಂಟು ಬಿಚ್ಚಬೇಕು.

ಮೈಸೂರಿನಿಂದ:
ಸರ್, ನನ್ನದು:

*ಬಸವಳಿದು ಬಾವಿಯಲಿ ಸೇದಿ ಸುರಿದನು ನೀರ;*
*ಹೆಸರುಬೇಳೆಯ ಹುಗ್ಗಿ ಧನುಮಾಸದಲ್ಲಿ*
*ಹಸಿಶುಂಠಿ ಮೆಣಸೊಡನೆ ಹಬೆಯಾರದುಂಡವನು*
*ಬಿಸಿಲಲ್ಲಿ ನಡುಗಿದನು, ಚಳಿಯಲ್ಲಿ ಬೆವೆತ*

ಸಮಸ್ಯೆ ಕೊಟ್ಟವರು:
‘ಹಬೆಯಾರದುಂಡವನು’ ಬಹಳ ಹಿಡಿಸಿತು ಮೇಡಂ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಸುಕಿನಲ್ಲಿ ದೇವಸ್ಥಾನದ ದೊನ್ನೆ ಹುಗ್ಗಿ ತಿಂದವರಿಗೆ ಆ ಮೆಣಸಿನ ಕಾರ ಗೊತ್ತು. ಹಣೆಯ ಮೇಲೆ ಬೆವರು ಬಂದೇ ಬರುತ್ತದೆ.

ಶಿರಸಿಯಿಂದ:
ಹುಗ್ಗಿ ಸರಿ. ಆದರೆ ಬಾವಿ ನೀರಿಗೆ ನಡುಕ ಬರುತ್ತದಾ?

ಮೈಸೂರಿನಿಂದ:
ಬರುತ್ತದೆ ಅಣ್ಣ. ಆಳದ ಬಾವಿಯ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಅದಕ್ಕೇ ಚಳಿಗಾಲದ ಬೆಳಗಿಗೆ ಬೆಚ್ಚಗೆ, ಏಪ್ರಿಲ್ ಮಧ್ಯಾಹ್ನಕ್ಕೆ ತಣ್ಣಗೆ ಅನ್ನಿಸುವುದು. ಕಾದ ಬೆನ್ನಿಗೆ ಒಂದು ಕೊಡ ಸುರಿದು ನೋಡಿ!

ಮಂಡ್ಯದಿಂದ:
ನಮ್ಮ ಕಡೆ ಚಳಿ ಅಂದ್ರೆ ಆಲೆಮನೆ. ಅದನ್ನು ಬಿಟ್ಟರೆ ಹೇಗೆ?

*ಹಸಿರು ಹೊಲದಲಿ ಬಿಸಿಲುಮಳೆಗೆ ತೊಯ್ದನು ಹೈದ;*
*ರಸ ಕುದಿವ ಕೊಪ್ಪರಿಗೆಯೆದುರಿನಲಿ ನಿಂತ;*
*ಹೊಸಬೆಲ್ಲ ನಾಲಿಗೆಗೆ ತಾಗುತಿರೆ ಮೈಮರೆತು*
*ಬಿಸಿಲಲ್ಲಿ ನಡುಗಿದನು, ಚಳಿಯಲ್ಲಿ ಬೆವೆತ*

ಶಿರಸಿಯಿಂದ:
ಆಹಾ! ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅಂತ ಕುಣಿಯುತ್ತಿದ್ದೆವು. ಆ ಮಳೆಗೆ ನಿಜಕ್ಕೂ ಚಳಿ ಹತ್ತುತ್ತದೆ. ನಮ್ಮಲ್ಲೂ ಆಲೆಮನೆಯ ಒಲೆಗೆ ಕಬ್ಬಿನ ಒಣಸಿಪ್ಪೆಯನ್ನೇ ತುಂಬುತ್ತಾರೆ. ಅದರ ಮುಂದೆ ಸ್ವೆಟರ್ ನಿಲ್ಲುವುದಿಲ್ಲ.

ಸಮಸ್ಯೆ ಕೊಟ್ಟವರು:
ಒಂದೇ ಮಾತು. ಮೂರನೇ ಸಾಲಿನ ‘ಮೈಮರೆತು’ ಚಳಿಗೆ ಚೆನ್ನಾಗಿ ಕೂರುತ್ತದೆ, ಬಿಸಿಲಿನ ಭಾಗಕ್ಕೆ ಅಷ್ಟು ಅಂಟುವುದಿಲ್ಲ. ಆದರೂ ಕೊಪ್ಪರಿಗೆಯ ಸಾಲಿಗಾಗಿ ಈ ಪದ್ಯ ನನಗೆ ಬೇಕು. ಇಬ್ಬರೂ ನಡುಕಕ್ಕೆ ನೀರನ್ನೇ ತಂದಿರಿ. ನೀರಿಲ್ಲದೆ ನಡುಗಿಸುವವರು ಯಾರು?

ಧಾರವಾಡದಿಂದ:
ನಾನು ನಡುಗಿಸುತ್ತೇನೆ ಸರ್.

*ಹಸಿಮಾವ ಕಚ್ಚುತಲಿ ಹಲ್ಲು ಜುಮ್ಮೆನ್ನುತಿರೆ,*
*ಉಸಿರು ಬಿಗಿಹಿಡಿದೋಡಿ ಲಗ್ಗೆಯಾಟದಲಿ,*
*ಹಸಿವು ಮರೆತಿಡಿದಿನವು ಬಯಲ ಸುತ್ತಿದ ಹುಡುಗ*
*ಬಿಸಿಲಲ್ಲಿ ನಡುಗಿದನು, ಚಳಿಯಲ್ಲಿ ಬೆವೆತ*

ಮೈಸೂರಿನಿಂದ:
ಓದುತ್ತಲೇ ಬಾಯಲ್ಲಿ ನೀರು ಬಂತು! ಉಪ್ಪು ಕಾರದಪುಡಿ ಹಚ್ಚಿದ ಮಾವಿನಕಾಯಿ, ಮೊದಲ ಕಚ್ಚಿಗೆ ಕಣ್ಣು ಮುಚ್ಚಿ ಭುಜ ಕುಣಿಯುತ್ತದಲ್ಲ, ಅದೇ ನಡುಕ.

ಸಮಸ್ಯೆ ಕೊಟ್ಟವರು:
ಈ ವಾರ ನನ್ನ ಮನಸ್ಸು ಈ ಪದ್ಯದ ಕಡೆಗೆ. ನೀರಿಲ್ಲ, ಬೆಂಕಿಯೂ ಇಲ್ಲ. ಹುಳಿ ಮತ್ತು ಆಟ, ಎರಡರಲ್ಲೇ ವಿರೋಧ ಕರಗಿತು. ಎಂಟು ಜನರ ಸವಾಲುಗಳಿಗೆ ಒಬ್ಬರೇ ಕವಿ ಸಭೆಯಲ್ಲಿ ಉತ್ತರಿಸುವ ಅಷ್ಟಾವಧಾನದಲ್ಲೂ ಸಮಸ್ಯಾಪೂರಣ ಒಂದು ವಿಭಾಗ. ಅಲ್ಲಿಯೂ ಸಭೆ ತಲೆದೂಗುವುದು ಇಂಥ ಹತ್ತಿರದ ಉತ್ತರಕ್ಕೇ.

ಶಿರಸಿಯಿಂದ:
ಎಲ್ಲ ಸರಿ, ನಮ್ಮ ಮಳೆಗಾಲಕ್ಕೆ ಬರೀ ಅರ್ಧ ಸಾಲು ಸಿಕ್ಕಿತಲ್ಲ ಸರ್? ಆರಿದ್ರಾ ಮಳೆ ಹಿಡಿದು ಕೂತಾಗ ಹಲಸಿನ ಹಪ್ಪಳ ಸುಟ್ಟು ತಿನ್ನುವ ಸುಖ ಯಾವ ಪದ್ಯದಲ್ಲೂ ಬರಲಿಲ್ಲ.

ಸಮಸ್ಯೆ ಕೊಟ್ಟವರು:
ಹಾಗಾದರೆ ಮುಂದಿನ ಸಾಲು ನಿಮಗಾಗಿಯೇ. ಅದೇ ಛಂದಸ್ಸು, ‘ಳ’ಕಾರದ ಪ್ರಾಸ:

*ಮಳೆ ಬಂದು ನಿಂತೊಡನೆ ಕೊಡೆಯ ಬಿಚ್ಚಿದನು*

ಕೊಡೆ ಒಣಗಿಸಲು ಬಿಚ್ಚಿದ ಅನ್ನುವುದು ಸುಲಭದ ದಾರಿ. ಅದನ್ನು ಬಿಟ್ಟು ಬರೆಯಿರಿ. ಮಲೆನಾಡಿನವರಿಗೆ ಬೇರೆ ಕಾರಣ ಗೊತ್ತಿರಬೇಕು, ಅಲ್ವಾ?

ಶಿರಸಿಯಿಂದ:
ಗೊತ್ತು. ಅಡಿಕೆ ತೋಟದಲ್ಲಿ ಮಳೆ ನಿಂತ ಮೇಲೂ ಮರದ ಹನಿ ನಿಲ್ಲುವುದಿಲ್ಲ. ಪದ್ಯ ನಾಳೆ ಕಳಿಸುತ್ತೇನೆ.