‘ಬಿಗಿ’, ‘ಹಿಡಿತ’, ‘ಭಾರ’: ಹಾಯಿದೋಣಿಯ ಚಕ್ರ ಸಲೀಸಾಗಿ ತಿರುಗದಿದ್ದರೆ ಯಾವ ಪದ?

ಮಾನ್ಯರೇ,

ಚಕ್ರ ತಿರುಗಿಸಿ ನಡೆಸುವ ಹಳೆಯ ಹಾಯಿದೋಣಿಗಳ ದುರಸ್ತಿಯ ಬಗ್ಗೆ ಕನ್ನಡದಲ್ಲಿ ಒಂದು ಕಿರು ಕೈಪಿಡಿಯನ್ನು ತುಮಕೂರಿನಲ್ಲಿದ್ದುಕೊಂಡು ಬರೆಯುತ್ತಿದ್ದೇನೆ. ಶಿರಾ, ಗುಬ್ಬಿ, ಪಾವಗಡದ ಕಡೆಯ ಹುಡುಗರು ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿತು ಕರಾವಳಿಗೆ ದುಡಿಯಲು ಹೋದಾಗ ಅವರಿಗೆ ಉಪಯೋಗವಾಗಲಿ ಎಂಬುದು ಇದರ ಉದ್ದೇಶ. ಬುಷ್, ಬೇರಿಂಗ್, ಚೈನು ಅವರಿಗೆ ಗೊತ್ತು. ದೋಣಿ ಮಾತ್ರ ಹೊಸದು. ಆದ್ದರಿಂದ ಬಯಲುಸೀಮೆಯವರು ಓದಿದ ಕೂಡಲೇ ಮುಂದಿನ ಕೆಲಸ ಹೊಳೆಯುವಂಥ ಪದಗಳು ಬೇಕಾಗಿವೆ. ಮೊದಲ ಅಧ್ಯಾಯವೇ ಸಲೀಸಾಗಿ ತಿರುಗದ ಚಕ್ರದ ಕುರಿತಾಗಿದ್ದು, ಆ ಸ್ಥಿತಿಯನ್ನು ಏನೆಂದು ಹೆಸರಿಸಬೇಕು ಎಂಬುದು ನನ್ನ ಪ್ರಶ್ನೆ.

ಇಲ್ಲಿನ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಲಾರಿಯ ಬಗ್ಗೆ ‘ಸ್ಟೇರಿಂಗ್ ಟೈಟ್ ಆಗಿದೆ’ ಎನ್ನುತ್ತಾರೆ. ‘ಬಿಗಿಯಾಗಿದೆ’, ‘ಗಟ್ಟಿ ಬರುತ್ತಿದೆ’, ‘ಹಿಡಿದುಕೊಂಡಿದೆ’, ‘ಭಾರ ಇದೆ’ ಎಂಬ ಮಾತುಗಳೂ ಕಿವಿಗೆ ಬೀಳುತ್ತವೆ. ಮಾತಿನಲ್ಲಿ ಇವುಗಳಲ್ಲಿ ಯಾವುದನ್ನಾಡಿದರೂ ನಡೆಯುತ್ತದೆ. ಆದರೆ ದೋಣಿಯ ಕೈಪಿಡಿಯಲ್ಲಿ ಇವನ್ನು ಒಂದರ ಬದಲು ಒಂದಾಗಿ ಬಳಸಬಾರದು, ಒಂದೊಂದನ್ನೂ ಒಂದೊಂದು ದೋಷಕ್ಕೆ ಮೀಸಲಿಡಬೇಕು ಎಂಬುದು ನನ್ನ ನಿಲುವು. ಅದಕ್ಕೆ ಕಾರಣ ಯಂತ್ರದ ರಚನೆಯಲ್ಲಿದೆ.

ಚಕ್ರದ ಅಚ್ಚಿನ ಮೇಲೆ ಒಂದು ಹಲ್ಲುಗಾಲಿ, ಅದರ ಮೇಲೆ ಒಂದು ತುಂಡು ಚೈನು, ಚೈನಿನ ಎರಡೂ ತುದಿಗೆ ಸ್ಟೇನ್‌ಲೆಸ್ ಸ್ಟೀಲಿನ ಕೇಬಲ್. ಈ ಕೇಬಲ್ಲುಗಳು ಚಕ್ರವನ್ನು ಹೊತ್ತ ಗಿಡ್ಡ ಕಂಬದೊಳಗಿಂದ ಕೆಳಗಿಳಿದು, ರಾಟೆಗಳ ಮೇಲೆ ತಿರುವಿಕೊಂಡು, ದೋಣಿಯ ಹಿಂಭಾಗದಲ್ಲಿರುವ ಕ್ವಾಡ್ರೆಂಟ್ ಎಂಬ ಕಾಲುವೃತ್ತದ ಆಕಾರದ ಲೋಹದ ತುಂಡಿಗೆ ಸೇರುತ್ತವೆ. ದೋಣಿಯ ದಿಕ್ಕು ಬದಲಿಸುವ, ನೀರಿನೊಳಗಿನ ಹಲಗೆಯನ್ನು ಹೊತ್ತು ನಿಂತ ದಪ್ಪ ಸರಳಿಗೆ, ಅಂದರೆ ನಾನು ಸದ್ಯಕ್ಕೆ ‘ನಿಲುವಚ್ಚು’ ಎಂದು ಕರೆಯುತ್ತಿರುವ ಭಾಗಕ್ಕೆ, ಕ್ವಾಡ್ರೆಂಟನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ನಿಲುವಚ್ಚು ಮೇಲೊಂದು, ಕೆಳಗೊಂದು ಬೇರಿಂಗಿನಲ್ಲಿ ತಿರುಗುತ್ತದೆ. ತೊಡಕು ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು, ಕೈಗೆ ತಿಳಿಯುವುದು ಮಾತ್ರ ಚಕ್ರದ ಬಳಿ.

ಕೇಬಲ್ಲನ್ನು ಅತಿಯಾಗಿ ಎಳೆದು ಕಟ್ಟಿದ್ದರೆ ಅಥವಾ ಚಕ್ರದ ಬ್ರೇಕಿನ ತಿರುಪನ್ನು ಪೂರ್ತಿ ಬಿಚ್ಚದೆ ಬಿಟ್ಟಿದ್ದರೆ ಅದನ್ನು ‘ಬಿಗಿ’ ಎನ್ನುವುದು ಸರಿ. ಹಗ್ಗ, ತಂತಿ, ತಿರುಪು, ಎಲ್ಲಕ್ಕೂ ಒಪ್ಪುವ ಮಾತು ಅದು, ಮತ್ತು ಬಿಗಿ ಎಂದರೆ ಸಡಿಲಿಸಬೇಕು ಎಂಬ ಪರಿಹಾರವೂ ಆ ಪದದಲ್ಲೇ ಇದೆ. ನನ್ನ ಆತಂಕಕ್ಕೂ ಇದೇ ಕಾರಣ. ದೋಷ ಬೇರಿಂಗಿನಲ್ಲಿದ್ದಾಗಲೂ ಕೈಪಿಡಿ ‘ಬಿಗಿ’ ಎಂದೇ ಹೇಳಿದರೆ ಓದಿದ ಹುಡುಗ ಕೇಬಲ್ಲನ್ನು ಸಡಿಲಿಸಲು ಹೊರಡುತ್ತಾನೆ. ಸಡಿಲಾದ ಕೇಬಲ್ಲು ಅಲೆಯ ಹೊಡೆತಕ್ಕೆ ರಾಟೆಯಿಂದಲೋ ಕ್ವಾಡ್ರೆಂಟಿನ ಅಂಚಿನ ತೋಡಿನಿಂದಲೋ ಜಾರಿದರೆ ದೋಣಿ ಹಿಡಿತಕ್ಕೆ ಸಿಗುವುದಿಲ್ಲ.

ಹಳೆಯ ದೋಣಿಗಳಲ್ಲಿ ಬೇರಿಂಗಿನ ತೊಂದರೆ ಅಪರೂಪವೇನಲ್ಲ. ಹಲವು ದೋಣಿಗಳಲ್ಲಿ ನಿಲುವಚ್ಚಿನ ಬೇರಿಂಗುಗಳೆಂದರೆ ಅದರ ಸುತ್ತ ಕೂರುವ ನೈಲಾನಿನ ಕೊಳವೆಗಳು, ಅಂದರೆ ಬುಷ್‌ಗಳು. ನೈಲಾನ್ 66 ಎಂಬ ಬಗೆಯ ನೈಲಾನು ನೀರಿನಲ್ಲಿ ಪೂರ್ತಿ ನೆನೆದರೆ ತನ್ನ ತೂಕದ ಸುಮಾರು ಶೇ. 8ರಷ್ಟು ನೀರನ್ನು ಹೀರಿಕೊಂಡು ಊದಿಕೊಳ್ಳುತ್ತದೆ. ಬದಲಿಯಾಗಿ ಬಳಸುವ ಅಸಿಟಾಲ್ ಎಂಬ ಪ್ಲಾಸ್ಟಿಕ್ ಹೀರುವುದು ಶೇ. 1ರ ಆಸುಪಾಸು. ಊದಿದ ಬುಷ್ ನಿಲುವಚ್ಚನ್ನು ಸುತ್ತಲಿಂದ ಒತ್ತುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಾಗ ‘ಬಾಗಿಲು ಉಬ್ಬಿ ಹಿಡಿದುಕೊಂಡಿದೆ’ ಎನ್ನುತ್ತೇವೆ, ‘ಬಿಗಿಯಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಆದ್ದರಿಂದ ಈ ದೋಷಕ್ಕೆ ‘ಉಬ್ಬುಹಿಡಿತ’ ಎಂಬ ಸಮಾಸವನ್ನು ಸೂಚಿಸುತ್ತೇನೆ. ಇದು ಕೃತಕವಾಗಿ ಕೇಳಿಸುತ್ತದೆಯೇ, ಅಥವಾ ‘ಹಿಡಿದುಕೊಳ್ಳುವಿಕೆ’ ಎಂದು ಬಿಡಿಸಿಯೇ ಬರೆಯಬೇಕೇ? ನಿಲುವಚ್ಚು ಬಾಗಿದ್ದು, ಒಂದು ಕೋನಕ್ಕೆ ಬಂದಾಗ ಮಾತ್ರ ತಡೆದರೆ ‘ಕಚ್ಚುತ್ತದೆ’ ಎಂಬುದೇ ಸಾಕೆಂದು ತೋರುತ್ತದೆ.

‘ಭಾರ’ ಬೇರೆಯದೇ ಸ್ಥಿತಿ. ದೋಣಿಯನ್ನು ದಡಕ್ಕೆ ಕಟ್ಟಿದ್ದಾಗ ಬೆರಳಿನಲ್ಲಿ ತಿರುಗುವ ಚಕ್ರವು ಗಾಳಿ ಜೋರಾದಾಗ ಎರಡೂ ಕೈಗಳ ಬಲ ಬೇಡುವುದಾದರೆ, ಹಾಯಿ ಹೆಚ್ಚಾಗಿ ದೋಣಿ ಗಾಳಿಯ ಕಡೆಗೆ ಮೂತಿ ತಿರುಗಿಸಲು ಎಳೆಯುತ್ತಿದೆ ಎಂದು ಅರ್ಥ. ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ, ಹಾಯಿಯನ್ನು ಮಡಿಸಿ ಕಟ್ಟಿ ಚಿಕ್ಕದು ಮಾಡಬೇಕು ಅಷ್ಟೆ.

ಬಿಗಿಯೋ ಹಿಡಿತವೋ ಎಂದು ತಿಳಿಯಲು ದೋಣಿಯನ್ನು ಕಟ್ಟಿ ನಿಲ್ಲಿಸಿ, ಕ್ವಾಡ್ರೆಂಟಿನಿಂದ ಕೇಬಲ್ಲುಗಳನ್ನು ಕಳಚಬೇಕು. ಆಮೇಲೆ ಚಕ್ರವನ್ನೂ, ತುರ್ತು ಹಿಡಿಗೋಲನ್ನು (ಚಕ್ರ ಕೆಟ್ಟಾಗ ನಿಲುವಚ್ಚಿನ ತಲೆಗೆ ಸಿಕ್ಕಿಸಿ ತಿರುಗಿಸುವ ಕೋಲನ್ನು) ಹಾಕಿ ನಿಲುವಚ್ಚನ್ನೂ ಪ್ರತ್ಯೇಕವಾಗಿ ತಿರುಗಿಸಿ ನೋಡಬೇಕು. ಯಾವುದು ತಡೆಯುತ್ತದೋ ದೋಷ ಆ ಕಡೆಗಿದೆ. ಚಕ್ರದ ಕಡೆ ಎಂದಾದರೆ ಒಣಗಿದ ಚೈನು, ಉಪ್ಪು ಕಟ್ಟಿದ ಬೇರಿಂಗು, ತುಕ್ಕಿನಿಂದ ನಿಂತುಹೋದ ರಾಟೆ, ಇವನ್ನು ನೋಡಬೇಕು. ರಾಟೆಗೆ ನಮ್ಮ ಬಾವಿಯ ರಾಟೆಯ ಹೆಸರನ್ನೇ ಇಟ್ಟಿದ್ದೇನೆ, ಅದರ ಎಣ್ಣೆಗೆ ‘ಕೀಲೆಣ್ಣೆ’ ಎಂದು ಬರೆದಿದ್ದೇನೆ. ಇವೆರಡರ ಬಗ್ಗೆ ನನಗೆ ಸಂದೇಹವಿಲ್ಲ.

ಇನ್ನೆರಡು ಪದಗಳ ಬಗ್ಗೆ ಸಲಹೆ ಬೇಕು. ಈ ಕೇಬಲ್ಲುಗಳು ಸಾಮಾನ್ಯವಾಗಿ 7×19 ಹೆಣಿಗೆಯವು, ಎಂದರೆ 19 ತಂತಿಗಳ 7 ಎಳೆಗಳು, ಒಟ್ಟು 133 ಸಣ್ಣ ತಂತಿಗಳು. ಎಣ್ಣೆಯಲ್ಲಿ ಅದ್ದಿದ ತೆಳು ಕಾಗದವನ್ನು ಕೇಬಲ್ಲಿನುದ್ದಕ್ಕೂ ಎಳೆದರೆ, ಮುರಿದು ಹೊರಚಾಚಿದ ತಂತಿಯ ತುದಿ ಕಾಗದವನ್ನು ಸಿಕ್ಕಿಸಿ ಹರಿಯುತ್ತದೆ, ಬರಿಗೈಯಾದರೆ ಬೆರಳನ್ನೇ ಸೀಳುತ್ತದೆ. ಬಿದಿರಿನಿಂದ ಎದ್ದು ಕೈಗೆ ಚುಚ್ಚುವುದನ್ನು ನಾವು ‘ಸಿಬಿರು’ ಎನ್ನುತ್ತೇವೆ. ಲೋಹದ ತಂತಿಗೂ ‘ಸಿಬಿರೆದ್ದಿದೆ’ ಎಂದು ಬರೆಯಬಹುದೇ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇರೆ ಮಾತಿದ್ದರೆ ತಿಳಿಸಬೇಕು.

ಎರಡನೆಯದು ‘ಚುಕ್ಕಾಣಿ’. ಅರಬ್ಬಿಯ ‘ಸುಕ್ಕಾನ್’ ತಮಿಳಿನಲ್ಲಿ ‘ಸುಕ್ಕಾನ್’, ಮಲಯಾಳದಲ್ಲಿ ‘ಚುಕ್ಕಾನ್’, ತೆಲುಗಿನಲ್ಲಿ ‘ಚುಕ್ಕಾನಿ’ ಆಗಿದೆ. ಮೂಲದಲ್ಲಿ ಅದು ನೀರಿನೊಳಗಿನ ಹಲಗೆಯ ಹೆಸರು. ಪತ್ರಿಕೆಗಳಲ್ಲಿ ಅಧಿಕಾರದ ಚುಕ್ಕಾಣಿ ಹಿಡಿದವರನ್ನು ಓದಿಯೇ ಬೆಳೆದ ನಮ್ಮ ಕಡೆಯವರಿಗೆ ಅದು ಕೈಯಲ್ಲಿ ಹಿಡಿಯುವ ವಸ್ತು, ಅಂದರೆ ಚಕ್ರ. ನಾನು ಹಲಗೆಗೆ ‘ಚುಕ್ಕಾಣಿ’, ಕೈಯಲ್ಲಿರುವುದಕ್ಕೆ ಬರಿಯ ‘ಚಕ್ರ’ ಎಂದು ಗೊತ್ತುಮಾಡಿಕೊಂಡಿದ್ದೇನೆ. ಕರಾವಳಿಯಲ್ಲಿ ದೋಣಿ ನಡೆಸುವವರ ಬಳಕೆ ಇದಕ್ಕೆ ಹೊಂದುತ್ತದೆಯೇ, ಮತ್ತು ನನ್ನ ‘ನಿಲುವಚ್ಚಿ’ಗೆ ಅವರಲ್ಲಿ ಹಿಂದಿನಿಂದ ಬಂದ ಹೆಸರೇನಾದರೂ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ಬಳಕೆಯ ವಾಕ್ಯದ ಸಮೇತ ತಿಳಿಸಬೇಕಾಗಿ ಕೋರುತ್ತೇನೆ.