ಸಹಾಯ ಬೇಕು: ಶಿಬಿರಕ್ಕೆ ಬರೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಯಾರ ಸಹಿ?

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ತೀರ್ಥಹಳ್ಳಿ ಹತ್ರ ನಮ್ಮ ಚರ್ಚಿನ ಯುವಕರು ಸೇರಿ 3 ದಿನದ ಬೇಸಿಗೆ ಶಿಬಿರ ಮಾಡ್ತಿದೀವಿ. ತಂದೆ-ತಾಯಿ ಇಲ್ಲದ, ಕಷ್ಟದಲ್ಲಿರೋ ಮಕ್ಕಳಿಗೆ. ಹಾಡು, ಬೈಬಲ್ ಕಥೆ, ಆಟ, ಚಿತ್ರ ಬಿಡಿಸೋದು. ಊಟ, ಹಾಸಿಗೆ ಎಲ್ಲ ಹೊಂದಿಸಿದೀವಿ. ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಕಾಲ ಅಂತ ಕಾಡು ಸುತ್ತೋದು ಕೈಬಿಟ್ವಿ. ಮಕ್ಕಳಿಗೆ ಬೇಜಾರಾಗುತ್ತೆ, ಆದ್ರೆ ಉಣುಗಿನ ಸಹವಾಸ ಬೇಡಪ್ಪ.

ಸಿಕ್ಕಿಹಾಕಿಕೊಂಡಿರೋದು ಒಪ್ಪಿಗೆ ಪತ್ರದಲ್ಲಿ. ಅಜ್ಜಿ, ಚಿಕ್ಕಮ್ಮನ ಮನೇಲಿರೋ ಮಕ್ಕಳಿಗೆ ಮನೆಯವರೇ ಸಹಿ ಹಾಕ್ತಾರೆ. ಅದರಲ್ಲಿ ಬೇರೆ ಧರ್ಮದ ಮಕ್ಕಳೂ ಇದಾರೆ, ಹಾಗಾಗಿ ಪ್ರಾರ್ಥನೆ, ಬೈಬಲ್ ಕಥೆ ಇರುತ್ತೆ, ಕೂರಲೇಬೇಕು ಅಂತಿಲ್ಲ ಅಂತ ಪತ್ರದಲ್ಲೇ ಬರೆದಿದೀವಿ. ಮುಚ್ಚಿಟ್ಟು ಮಾಡೋ ಕೆಲಸ ಅಲ್ಲವಲ್ಲ.

ಮಕ್ಕಳ ಪಾಲನಾ ಸಂಸ್ಥೆಯಿಂದ (ಅನಾಥಾಶ್ರಮದ ಥರದ್ದು) ಬರೋರದ್ದೇ ತಲೆನೋವು. ಅಲ್ಲಿನ ಮೇಲ್ವಿಚಾರಕರು "ಮಕ್ಕಳ ಕಲ್ಯಾಣ ಸಮಿತಿ ಅನುಮತಿ ಇಲ್ದೆ ರಾತ್ರಿ ಹೊರಗೆ ಕಳಿಸಲ್ಲ" ಅಂದ್ರು (ಇಂಥ ಮಕ್ಕಳ ಪಾಲನೆ, ರಕ್ಷಣೆ ಬಗ್ಗೆ ನಿರ್ಧಾರ ಮಾಡೋ ಜಿಲ್ಲಾ ಮಟ್ಟದ ಸಮಿತಿ ಅದು). ಸರಿ ಅಂತ ಒಂದು ಕಚೇರೀಲಿ ವಿಚಾರಿಸಿದ್ರೆ, ಸಂಸ್ಥೆಯವರೇ ಅರ್ಜಿ ಕೊಡ್ಬೇಕು ಅಂತಾರೆ. ಸಂಸ್ಥೆಯವರು ನೀವೇ ಕೊಡಿ ಅಂತಾರೆ.

ಇಂಥ ಶಿಬಿರ ಮಾಡಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ: ಸಮಿತಿಗೆ ಅರ್ಜಿ ಸಂಸ್ಥೆ ಹೆಸರಲ್ಲಿ ಹೋಗ್ಬೇಕಾ, ನಮ್ಮ ಹೆಸರಲ್ಲಾ? ಜೊತೆಗೆ ಏನೇನು ಕಾಗದ ಇಡಬೇಕು?